ಓದು-ಬರಹದ ಬೋಧನಾಭ್ಯಾಸ: ಪ್ರತಿಫಲನ ದಿನಚರಿ ಬರೆಯುವ ಕ್ರಮ

ಶಿಕ್ಷಕರಾಗಲು ಡಿ.ಎಲ್.ಇಡಿ. ಅಥವಾ ಬಿ.ಇಡಿ. ಓದುತ್ತಿರುವ ನಾವು ಬೋಧನಾಭ್ಯಾಸಕ್ಕೆಂದು ಧಾರವಾಡ, ಗದಗ, ಹಾವೇರಿ ಸುತ್ತಲಿನ ಕನ್ನಡ ಶಾಲೆಗಳಿಗೆ ಹೋದಾಗ ಪ್ರತಿಫಲನ ದಿನಚರಿಯನ್ನೂ, ಅಂದರೆ ಆ ದಿನದ ಪಾಠದಲ್ಲಿ ಕಂಡದ್ದನ್ನು ಮತ್ತೆ ಯೋಚಿಸಿ ದಾಖಲಿಸುವ ವಹಿಯನ್ನೂ ಬರೆಯಬೇಕಾಗುತ್ತದೆ. ‘ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು, ಪಾಠದ ಉದ್ದೇಶ ಈಡೇರಿತು’ ಎಂದು ದಿನವೂ ಬರೆದರೆ ವಹಿ ತುಂಬುತ್ತದೆಯೇ ಹೊರತು ಮರುದಿನದ ಪಾಠಕ್ಕೆ ಅದರಿಂದ ಏನೂ ಒದಗುವುದಿಲ್ಲ. ಮಗು ಓದಿದ್ದನ್ನೂ ಬರೆದದ್ದನ್ನೂ ಇದ್ದಂತೆಯೇ ಮೊದಲು ದಾಖಲಿಸಿ, ತರಬೇತಿಯಲ್ಲಿ ಕಲಿತದ್ದನ್ನು ಆಮೇಲೆ ಅದರ ಪಕ್ಕದಲ್ಲಿಟ್ಟು ನೋಡುವುದು ಸರಿಯಾದ ಕ್ರಮವೆಂದು ನನಗೆ ಮನವರಿಕೆಯಾಗಿದೆ.

ಇಡೀ ತರಗತಿಯ ಬಗ್ಗೆ ಬರೆಯಲು ಹೋಗದೆ ದಿನಕ್ಕೆ ಒಂದಿಬ್ಬರು ಮಕ್ಕಳನ್ನು ಆರಿಸಿಕೊಳ್ಳಿ. ಮಗುವಿನ ಪಕ್ಕದಲ್ಲಿ ಕುಳಿತು, ಓದಲು ಕೊಟ್ಟ ಕಾರ್ಡಿನಲ್ಲಿದ್ದ ಪದವನ್ನು ಒಂದು ಕಡೆ, ಮಗು ಉಚ್ಚರಿಸಿದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಹೆಸರು ಬರೆಯುವುದು ಬೇಡ, ಗುರುತಿಗೆ ಒಂದು ಅಕ್ಷರ ಸಾಕು. ‘ಓದಲು ಬರುವುದಿಲ್ಲ’ ಎಂಬುದು ತೀರ್ಪು. ‘ಮೊದಲ ಅಕ್ಷರ ಗುರುತಿಸಿ, ಉಳಿದದ್ದನ್ನು ಚಿತ್ರ ನೋಡಿ ಊಹಿಸಿತು’ ಎಂಬುದು ದಾಖಲೆ. ಬಿಸಿಯೂಟದ ಹೊತ್ತಿಗೇ ಇದನ್ನು ಬರೆದು ಮುಗಿಸಬೇಕು, ಏಕೆಂದರೆ ಸಂಜೆಯವರೆಗೆ ಬಿಟ್ಟರೆ ಮಗುವಿನ ಮಾತು ಹೋಗಿ ನಮ್ಮ ಅಭಿಪ್ರಾಯವಷ್ಟೇ ಉಳಿಯುತ್ತದೆ.

ನಮ್ಮ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರ್ಡಿನಲ್ಲಿ ‘ಮನೆ’ ಎಂದಿದ್ದರೆ ಮಗು ‘ಮನಿ’ ಎಂದು ಓದುತ್ತದೆ. ‘ಎಲೆ’ಯನ್ನು ‘ಎಲಿ’ ಎನ್ನುತ್ತದೆ, ಬರೆಯುವಾಗಲೂ ಹಾಗೆಯೇ ಬರೆಯುತ್ತದೆ. ಇದನ್ನು ತಪ್ಪೆಂದು ಗುರುತು ಹಾಕುವ ಮೊದಲು ‘ನಿ’ ಮತ್ತು ‘ನೆ’ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ನೀವು ಒಂದನ್ನು ಉಚ್ಚರಿಸಿ, ಅದು ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿ. ಮಗು ಸರಿಯಾಗಿ ತೋರಿಸಿದರೆ ಅದಕ್ಕೆ ಗುಡಿಸು, ಏತ್ವಗಳ ಭೇದ ಗೊತ್ತಿದೆ ಎಂದೂ, ಪದದ ಅರ್ಥ ಹಿಡಿದು ತನ್ನ ಮನೆಮಾತಿನಲ್ಲಿ ಅದನ್ನು ನುಡಿದಿದೆ ಎಂದೂ ತಿಳಿಯಬೇಕು. ಅರ್ಥಗ್ರಹಿಕೆಯೇ ಓದಿನ ಗುರಿ ಎಂದು ನಾವು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಬರೆಯುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತೋರಿಸಲು ತಡವರಿಸಿದರೆ ಮಾತ್ರ ಕಾಗುಣಿತದ ಅಭ್ಯಾಸ ಬೇಕು. ಎರಡು ಸಂದರ್ಭಗಳಲ್ಲೂ ಮಗುವಿನ ನಾಲಿಗೆಯನ್ನು ತಿದ್ದಿ ಬಾಯಿ ಮುಚ್ಚಿಸುವುದು ಬೇಡ. ಬರಹದ ರೂಪವನ್ನು ಹಲಗೆಯ ಮೇಲೆ ತೋರಿಸಿದರೆ ಸಾಕು.

ಒತ್ತಕ್ಷರಗಳ ತಪ್ಪುಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. ‘ಸೂರ್ಯ’ ಪದವನ್ನು ‘ಸೂಯ್ರ’ ಎಂದು ಬರೆದ ಮಗುವಿನ ತಪ್ಪಿಗೆ ಕಾರಣವಿದೆ: ಉಚ್ಚಾರದಲ್ಲಿ ಮೊದಲು ಬರುವ ರಕಾರದ ಚಿಹ್ನೆ, ಅಂದರೆ ಅರ್ಕಾವತ್ತು, ಬರಹದಲ್ಲಿ ಯಕಾರದ ನಂತರ ಬರುತ್ತದೆ. ತಪ್ಪಿನ ಜೊತೆಗೆ ಈ ಕಾರಣವನ್ನೂ ಬರೆದರೆ ಧ್ವನಿ ಮತ್ತು ಲಿಪಿಯ ಸಂಬಂಧದ ಬಗ್ಗೆ ಕಲಿತ ಪಾಠ ಕೈಗೆ ಸಿಗುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಆರಂಭವಾಗುತ್ತವೆ. ಈ ಐದರಿಂದಲೇ ಸರ, ರಸ, ಅಗಸ ಮುಂತಾದ ಪದಗಳನ್ನು ಕಟ್ಟಬಹುದು. ಆದ್ದರಿಂದ ಮಗು ಈ ಕಲಿಕೆಯ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ದಿನಚರಿಯಲ್ಲಿ ನಮೂದಿಸುವುದು ಅಗತ್ಯ. ಇನ್ನೂ ಕಲಿಸದ ಅಕ್ಷರವನ್ನು ಓದಲಿಲ್ಲವೆಂದು ಮಗುವನ್ನು ಹಿಂದುಳಿದವರ ಪಟ್ಟಿಗೆ ಸೇರಿಸುವುದು ಅನ್ಯಾಯ.

ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಮನೆಯಲ್ಲಿ ಉರ್ದು ಆಡುವ ಮಕ್ಕಳು ತರಗತಿಯಲ್ಲಿದ್ದರೆ, ಮಗು ಯಾವ ಭಾಷೆಯಲ್ಲಿ ಉತ್ತರಿಸಿತು ಎಂಬುದನ್ನೂ ಬರೆಯಿರಿ. ಕತೆ ತಿಳಿದೂ ಕನ್ನಡದಲ್ಲಿ ಹೇಳಲಾಗದ ಮಗುವಿಗೆ ಬೇಕಾಗಿರುವುದು ಮಾತಿನ ಅವಕಾಶ. ಅಕ್ಷರ ತಿದ್ದಿಸುವುದರಿಂದ ಆ ಕೊರತೆ ನೀಗದು.

ಪ್ರತಿ ದಾಖಲೆಯ ಕೊನೆಯಲ್ಲಿ ನಾಳೆ ಮಾಡುವ ಒಂದೇ ಒಂದು ಕೆಲಸವನ್ನು ಬರೆಯಿರಿ. ‘ಇನ್ನಷ್ಟು ಅಭ್ಯಾಸ ಕೊಡುವುದು’ ಎಂದಲ್ಲ, ‘ನಿ-ನೆ, ಲಿ-ಲೆ ಜೋಡಿಗಳ ಕಾರ್ಡು ಮಾಡಿ, ಗೆಳತಿಯ ಜೊತೆ ಆಡಿಸುವುದು’ ಎಂಬಷ್ಟು ಸ್ಪಷ್ಟವಾಗಿ. ಆ ಪುಟವನ್ನು ತರಗತಿಯ ಗುರುಮಾತೆಯವರಿಗೆ ತೋರಿಸಿ, ಆ ಮಗು ಅವರೆದುರು ಹೇಗೆ ಓದುತ್ತದೆ ಎಂದು ಕೇಳಿ, ಅವರು ಹೇಳಿದ್ದನ್ನು ಅದೇ ಪುಟದ ಕೆಳಗೆ ಸೇರಿಸಿ.