ನೀಲಿ ಕೋಟು, ಕಂಬಳಿ ಸುರುಳಿ: ಸಿಪಾಯಿ ನಡಿಗೆಯಲ್ಲಿ ನನ್ನ ಅನುಭವ

ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳ ಹಾಗೆ ಉಡುಪು ತೊಟ್ಟು, ಅವರ ಹೊರೆಯನ್ನೇ ಹೊತ್ತು ನಡೆಯುವ ಗುಂಪು ನಮ್ಮದು. ಯೂನಿಯನ್ ಅಂದರೆ ಉತ್ತರದ ಕಡೆಯವನು ಬೆನ್ನುಚೀಲವನ್ನೇ ಹೊರಬೇಕು, ಕಂಬಳಿ ಸುರುಳಿ (ಉದ್ದಕ್ಕೆ ಸುತ್ತಿ, ತುದಿಗಳನ್ನು ಗಂಟು ಹಾಕಿ, ಭುಜದಿಂದ ಅಡ್ಡಲಾಗಿ ಹಾಕಿಕೊಳ್ಳುವ ಕಂಬಳಿ) ದಕ್ಷಿಣದವರದ್ದು ಅಂತ ನಮ್ಮಲ್ಲಿ ಬಹಳ ಜನರ ಹಠ. ಸುರುಳಿ ಹೊತ್ತು ಬರ್ತೀನಿ ಅಂದಾಗ ನಕ್ಕರು. ವರ್ಜೀನಿಯಾದ ನಡಿಗೆ ಅದರಲ್ಲೇ ಮುಗಿಸಿದೆ, ಕಾಲಲ್ಲಿ ಒಂದು ಗುಳ್ಳೆಯೂ ಇಲ್ಲ. ನಕ್ಕವರಲ್ಲಿ ಇಬ್ಬರು ಮಧ್ಯದಲ್ಲೇ ಗಾಡಿ ಹತ್ತಿದ್ದರು.

ಕೋವಿ 9 ಪೌಂಡ್ ಹತ್ತಿರ. 40 ತೋಟೆ, ನೀರು, 3 ದಿನದ ರೇಷನ್. ಇದರಲ್ಲಿ ಏನನ್ನೂ ಬಿಡುವ ಹಾಗಿಲ್ಲ. ಭಾರ ಇಳಿಸಬೇಕಾದರೆ ಬೆನ್ನಿನ ಮೇಲಿನದ್ದನ್ನೇ ಇಳಿಸಬೇಕು. ಮೊದಲು ಸುಮಾರು 90 ಡಾಲರಿನ ಚೀಲ ತಂದೆ, ಆಮೇಲೆ 200 ದಾಟಿದ್ದು. ಎರಡರಲ್ಲೂ ಪಟ್ಟಿ ಕಂಕುಳಲ್ಲಿ ಒತ್ತಿ ಬೆರಳು ಜೋಮು ಹಿಡಿಯುತ್ತಿತ್ತು.

ಉತ್ತರದವರೂ ಚೀಲ ಬಿಸಾಡಿದ್ದು ಸುಳ್ಳಲ್ಲ. 1864ರ ನವೆಂಬರಿನಲ್ಲಿ ಉತ್ತರದ ಸೇನಾಪತಿ ಶೆರ್ಮನ್ ಜೊತೆ ಅಟ್ಲಾಂಟಾದಿಂದ ಸವಾನಾ ಕಡೆ ಹೊರಟ ಸುಮಾರು 62,000 ಜನರಲ್ಲಿ ಎಷ್ಟೋ ಮಂದಿ ಹೊತ್ತದ್ದು ಸುರುಳಿಯನ್ನೇ. ದಿನಕ್ಕೆ 10-15 ಮೈಲಿ ನಡೆಯೋರಿಗೆ ಪೆಟ್ಟಿಗೆಯಂಥ ಚೀಲ ಯಾಕೆ ಬೇಕು ಅಲ್ವಾ?

ನನ್ನ ಮೊದಲ ಸುರುಳಿಯೂ ಕೈಕೊಟ್ಟಿತು. ತೊಡೆಯಷ್ಟು ದಪ್ಪ, ಎದೆಗೆ ಅಂಟಿಕೊಂಡು ಒಂದೇ ಬೆವರು. ಅದಕ್ಕಿಂತ ದೊಡ್ಡ ಪೀಡೆ ಗಂಟು. ಅದು ಜಾರಿ ಬಲ ಸೊಂಟಕ್ಕೆ ಇಳಿದು ತೋಟೆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂರುತ್ತಿತ್ತು. ಗುಂಡು ಹಾರಿಸಿ ಅಂತ ಹುಕುಂ ಬಂದರೆ ನಾನು ಮುಚ್ಚಳ ಎಳೆದಾಡುತ್ತಾ ನಿಂತಿರುತ್ತಿದ್ದೆ. ಈಗ ರಬ್ಬರ್ ಹಾಳೆ ಕೆಳಗೆ, ಅದರ ಮೇಲೆ ಅರ್ಧ ಡೇರೆ (ಇಬ್ಬರು ಸೇರಿ ಕಟ್ಟುವ ಡೇರೆಯಲ್ಲಿ ಒಬ್ಬನ ಪಾಲು), ಆಮೇಲೆ ಕಂಬಳಿ, ಒಳಗೆ ಒಂದು ಅಂಗಿ, ಎರಡು ಜೊತೆ ಕಾಲುಚೀಲ. ಅಷ್ಟೇ. ಎಡ ಭುಜದ ಮೇಲೆ ಹಾಕಿದರೆ ಕೋವಿಗೆ ಬಲ ಭುಜ ಖಾಲಿ. ಗಂಟು ಎಲ್ಲಿ ಕೂರಿಸ್ತೀನಿ, ಯಾವ ಹುರಿಯಿಂದ ಕಟ್ತೀನಿ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ನನ್ನ ಎರಡು ಬೇಸಿಗೆ ಹೋಗಿದೆ.

ಸೆಕೆ ಅಂತ ಕಂಬಳಿಯನ್ನೇ ಎಸೆಯೋಣ ಅಂದರೆ ಆಗಿನ ಸಿಪಾಯಿಗೆ ಜೇಬು ಸುಡುತ್ತಿತ್ತು. ವರ್ಷಕ್ಕೆ ಬಟ್ಟೆಬರೆಗೆ 42 ಡಾಲರ್, ಅದು ಮೀರಿದರೆ ಸಂಬಳದಲ್ಲಿ ಕಡಿತ. ಸಂಬಳವೋ ತಿಂಗಳಿಗೆ 13 ಡಾಲರ್, 1864ರಲ್ಲಿ 16 ಆಯಿತು. ನನ್ನ ನಕಲು ಕೋವಿಗೆ 1,000 ಡಾಲರ್ ಮೇಲೆ ಬಿತ್ತು. 13ರ ಲೆಕ್ಕದಲ್ಲಿ ಅದು ಅವನ 6 ವರ್ಷದ ದುಡಿಮೆಗಿಂತ ಜಾಸ್ತಿ. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಕಾಲಿಗೆ ಹಳೇ ಸಿಪಾಯಿಗಳ ಉಪಾಯವೇ: ಕಾಲುಚೀಲಕ್ಕೆ ಒಳಗಿನಿಂದ ಒಣ ಸೋಪು ಉಜ್ಜೋದು. ಉಣ್ಣೆಯದ್ದೇ ಆಗಬೇಕು. ಹತ್ತಿಯದ್ದು ಒದ್ದೆಯಾದರೆ ಮುಗೀತು.

ಈ ಮಧ್ಯೆ ಹಾರ್ಡ್‌ಟ್ಯಾಕ್, ಅಂದರೆ ಆಗಿನ ಸಿಪಾಯಿಗಳ ಗಟ್ಟಿ ಬಿಸ್ಕತ್ತಿನ ಹುಚ್ಚೂ ಹಿಡಿಯಿತು. ಮೈದಾ, ನೀರು, ಉಪ್ಪು, 3 ಇಂಚಿನ ಚೌಕ, ಅರ್ಧ ಇಂಚು ದಪ್ಪ. ಮೊದಲ ಸಲ ಹೊರಗೆಲ್ಲ ಗಟ್ಟಿ, ನಡುವೆ ಹಸಿ. ಚೀಲದಲ್ಲೇ ಬೂಷ್ಟು ಬಂತು. ಈಗ ಬೇಯಿಸಿದ ಮೇಲೆ ಸಣ್ಣ ಶಾಖದಲ್ಲಿ ರಾತ್ರಿಯಿಡೀ ಒಣಗಲು ಬಿಡ್ತೀನಿ. ಒಂದಕ್ಕೊಂದು ತಟ್ಟಿದರೆ ಠಕ್ ಅನ್ನಬೇಕು. ತಣ್ಣೀರಲ್ಲಿ ನೆನೆಸಿ ಹಂದಿ ಕೊಬ್ಬಲ್ಲಿ ಹುರಿದರೆ ಚೆನ್ನಾಗಿಯೇ ಇರುತ್ತೆ. ಆಗಿನ ಸಿಪಾಯಿಗಳು ಅದರೊಳಗೆ ಹುಳ ಇದ್ದರೆ ಬಿಸಿ ಕಾಫಿಗೆ ಹಾಕಿ, ಮೇಲೆ ತೇಲಿದ್ದನ್ನು ತೆಗೆದು ಕುಡಿಯುತ್ತಿದ್ದರು. ಆ ಪ್ರಯೋಗ ನನಗೆ ಬೇಡ. ಕಾಫಿ ಬೀಜ ಮಾತ್ರ ಹಸಿಯದ್ದೇ ತಂದು ತಗಡಿನ ತಟ್ಟೆಯಲ್ಲಿ ಹುರಿದು, ಬಟ್ಟೆಯಲ್ಲಿ ಸುತ್ತಿ ಜಜ್ಜಿದೆ. ಅವರು ಕೋವಿಯ ಹಿಡಿಯಿಂದ ಜಜ್ಜುತ್ತಿದ್ದರು. ನಾನು ಕಲ್ಲು ಹುಡುಕಿದೆ, ಕೋವಿಯ ಬೆಲೆ ಮೇಲೆ ಹೇಳಿದೆನಲ್ಲ.

ಮುಂದಿನ ಯೋಚನೆ 1863ರ ಜುಲೈಯದ್ದು: ಉತ್ತರ ಸೇನೆಯ ಆರನೇ ಕೋರ್ ಎಂಬ ದೊಡ್ಡ ದಳ ರಾತ್ರಿಯೆಲ್ಲ ನಡೆದು ಗೆಟಿಸ್‌ಬರ್ಗ್ ಯುದ್ಧಭೂಮಿ ಸೇರಿದ 30 ಮೈಲಿಗೂ ಮೀರಿದ ದಾರಿ. ಗಾಡಿ ಹತ್ತಿದ್ದ ಒಬ್ಬರು ಮೊನ್ನೆ ಮೆಲ್ಲಗೆ ಗಂಟಿನ ವಿಷಯ ಕೇಳಿದರು. ಆ ನಡಿಗೆಗೆ ಬನ್ನಿ, ನನ್ನ ಪಾಲಿನ ಹಂದಿಮಾಂಸ ನೀವು ಹೊತ್ತರೆ ತೋರಿಸ್ತೀನಿ ಅಂದಿದ್ದೇನೆ.