ಹುಡುಕುವವರಿಗೆ ನಿಮ್ಮ ಬ್ಲಾಗ್ ಸಿಗಬೇಕೇ? ಎಸ್‌ಇಒ ಶುರು ಮಾಡುವುದು ಹೀಗೆ

ವಾರವಿಡೀ ಕೂತು ಒಂದು ಲೇಖನ ಬರೆಯುತ್ತೀರಿ. ಫೋಟೋ ಹಾಕುತ್ತೀರಿ, ತಪ್ಪು ತಿದ್ದುತ್ತೀರಿ, ಪ್ರಕಟಿಸುತ್ತೀರಿ. ಗೆಳೆಯರು ನಾಲ್ಕು ಜನ ಓದುತ್ತಾರೆ. ಆಮೇಲೆ ಆ ಪುಟದ ಕಡೆ ಯಾರೂ ಸುಳಿಯುವುದಿಲ್ಲ. ಅದೇ ವಿಷಯ ಬೇಕೆಂದು ಗೂಗಲ್‌ನಲ್ಲಿ ತಡಕಾಡುವವರು ದಿನವೂ ಇರುತ್ತಾರೆ, ಅವರಿಗೆ ನಿಮ್ಮ ಲೇಖನ ಸಿಗುವುದಿಲ್ಲ. ನಿಮ್ಮನ್ನೂ ಅವರನ್ನೂ ಒಂದೆಡೆ ಸೇರಿಸುವ ಕೆಲಸಕ್ಕೇ ಎಸ್‌ಇಒ (ಸರ್ಚ್ ಎಂಜಿನ್ ಆಪ್ಟಿಮೈಸೇಶನ್) ಎನ್ನುವುದು.

ಇದರಲ್ಲಿ ಗುಟ್ಟಿನ ವಿದ್ಯೆ ಏನೂ ಇಲ್ಲ. ಬಹುಪಾಲು ಕೆಲಸವನ್ನು ಕಾಸು ಖರ್ಚಿಲ್ಲದೆ ನೀವೇ ಮಾಡಿಕೊಳ್ಳಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಎಷ್ಟೋ ಜನ ಬೇರೆ ಸೈಟ್‌ಗಳಿಂದ ಲಿಂಕ್ ಗಿಟ್ಟಿಸುವುದು, ಕೀವರ್ಡ್ (ಜನ ಹುಡುಕುವ ಪದ) ತುಂಬುವುದು ಎಂದು ಒದ್ದಾಡುತ್ತಾರೆ. ಅವರ ಪುಟ ಇದೆ ಅನ್ನುವುದೇ ಗೂಗಲ್‌ಗೆ ಗೊತ್ತಿರುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ನೋಡಬೇಕಾದ್ದು: ಪುಟ ಗೂಗಲ್ ಲೆಕ್ಕದಲ್ಲಿದೆಯೇ?

ನಾವು ಏನಾದರೂ ಹುಡುಕಿದಾಗ ಗೂಗಲ್ ಆ ಕ್ಷಣಕ್ಕೆ ಇಡೀ ಇಂಟರ್ನೆಟ್ ಜಾಲಾಡುವುದಿಲ್ಲ. ಅದರ ಬಾಟ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಪುಟಗಳನ್ನು ಓದಿಕೊಂಡು ಬರುತ್ತದೆ. ಇದು ಕ್ರಾಲಿಂಗ್. ಓದಿದ್ದರಲ್ಲಿ ಇಟ್ಟುಕೊಳ್ಳಬೇಕು ಅನಿಸಿದ್ದನ್ನು ದೊಡ್ಡದೊಂದು ಪಟ್ಟಿಗೆ ಸೇರಿಸುತ್ತದೆ. ಇದು ಇಂಡೆಕ್ಸ್. ನಮಗೆ ತೋರಿಸುವುದು ಆ ಪಟ್ಟಿಯಿಂದ ಆಯ್ದದ್ದನ್ನು. ಪಟ್ಟಿಯಲ್ಲಿ ಇಲ್ಲದ ಪುಟ ಎಷ್ಟೇ ಚೆನ್ನಾಗಿದ್ದರೂ ಫಲಿತಾಂಶದಲ್ಲಿ ಬರಲಾರದು.

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆ ಇದೆ. ನಿಮ್ಮ ಸೈಟನ್ನು ಅಲ್ಲಿ ಸೇರಿಸಿ, ಅದು ನಿಮ್ಮದೇ ಎಂದು ದೃಢಪಡಿಸಿ. ಮೇಲ್ಗಡೆ ಒಂದು ಹುಡುಕುವ ಪೆಟ್ಟಿಗೆ ಕಾಣುತ್ತದೆ. ನಿಮ್ಮ ಒಂದು ಲೇಖನದ ಪೂರ್ತಿ ವಿಳಾಸವನ್ನು ಅಲ್ಲಿ ಅಂಟಿಸಿ. ಪುಟ ಗೂಗಲ್‌ನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಅನ್ನುವುದನ್ನು ಅದೇ ಹೇಳುತ್ತದೆ.

ಈ ಒಂದು ನಿಮಿಷದ ಕೆಲಸದ ಬೆಲೆ ನನಗೆ ಗೊತ್ತಾಗಿದ್ದು ಗೆಳತಿಯೊಬ್ಬರ ಬ್ಲಾಗ್ ನೋಡಿದಾಗ. ಸೈಕಲ್ ರಿಪೇರಿ ಬಗ್ಗೆ ಎಂಟು ತಿಂಗಳಿಂದ ಬರೆಯುತ್ತಿದ್ದರು. ಒಳ್ಳೆಯ ಬರಹಗಳು, ತಾವೇ ಬಿಚ್ಚಿ ಜೋಡಿಸಿ ತೆಗೆದ ಫೋಟೋಗಳು. ಹುಡುಕಾಟದಿಂದ ಮಾತ್ರ ಒಬ್ಬ ಓದುಗನೂ ಬಂದಿರಲಿಲ್ಲ. ವಿಳಾಸ ಹಾಕಿ ನೋಡಿದರೆ, ನೋಇಂಡೆಕ್ಸ್ ಟ್ಯಾಗ್ ಇರುವುದರಿಂದ ಪುಟ ಸೇರಿಸಿಲ್ಲ ಎಂಬ ಉತ್ತರ ಬಂತು. ಅವರು ಬ್ಲಾಗ್ ಕಟ್ಟಿದ್ದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ಪುಟವಿದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಿರಲಿ ಎಂದು ಹೇಳುವ ಟಿಕ್ ಅಲ್ಲಿರುತ್ತದೆ. ಅರೆಬರೆ ಪುಟಗಳು ಹೊರಗೆ ಕಾಣದಿರಲಿ ಎಂದು ಸೈಟ್ ಕಟ್ಟುವಾಗ ಹಾಕಿದ್ದ ಆ ಟಿಕ್ಕನ್ನು ತೆಗೆಯಲು ಮರೆತಿದ್ದರು. ಎಂಟು ತಿಂಗಳ ಶ್ರಮ ಒಂದು ಟಿಕ್ಕಿನ ಹಿಂದೆ ಅಡಗಿ ಕೂತಿತ್ತು. ಗೂಗಲ್‌ನ ಬ್ಲಾಗರ್ ಸೇವೆ ಬಳಸುವವರು ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಇಂಥದ್ದೇ ಆಯ್ಕೆ ಹೇಗಿದೆ ಎಂದು ನೋಡಿಕೊಳ್ಳಿ.

ಇಲ್ಲಿ ಇನ್ನೊಂದು ಗೊಂದಲ ತುಂಬಾ ಜನರಿಗಿದೆ. ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಪುಟ್ಟ ಕಡತ ಬಾಟ್‌ಗೆ ‘ಈ ಕಡೆ ಬರಬೇಡ’ ಎನ್ನುತ್ತದೆ. ನೋಇಂಡೆಕ್ಸ್ ಟ್ಯಾಗ್ ‘ಬಂದು ಓದು, ಪಟ್ಟಿಗೆ ಮಾತ್ರ ಸೇರಿಸಬೇಡ’ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲಸ ಕೆಡುತ್ತದೆ. ಬಾಟ್ ಒಳಗೇ ಬರದಿದ್ದರೆ ಟ್ಯಾಗ್ ಓದುವುದು ಹೇಗೆ? ಬೇರೆ ಕಡೆಯಿಂದ ಆ ಪುಟಕ್ಕೆ ಲಿಂಕ್ ಇದ್ದರೆ ಅದರ ವಿಳಾಸ ಫಲಿತಾಂಶದಲ್ಲಿ ಕಾಣಿಸಿಕೊಳ್ಳಲೂಬಹುದು. ಪುಟ ಕಾಣಲೇಬಾರದು ಅಂತಿದ್ದರೆ ನೋಇಂಡೆಕ್ಸ್ ಒಂದನ್ನೇ ಬಳಸಿ.

ಸೈಟ್‌ಮ್ಯಾಪ್ (ನಿಮ್ಮ ಸೈಟ್‌ನ ಪುಟಗಳ ವಿಳಾಸಪಟ್ಟಿ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವರ್ಡ್‌ಪ್ರೆಸ್ 2020ರಿಂದ ತಾನೇ ಅದನ್ನು ತಯಾರಿಸುತ್ತದೆ. ಅದರ ವಿಳಾಸವನ್ನು ಸರ್ಚ್ ಕನ್ಸೋಲ್‌ಗೆ ಒಮ್ಮೆ ಕೊಟ್ಟರೆ ಮುಗಿಯಿತು. ಒಂದು ಕಡತದಲ್ಲಿ 50,000 ವಿಳಾಸ ಹಿಡಿಸುತ್ತದೆ. ಬಿಂಗ್‌ಗೂ ಇಂಥದ್ದೇ ವೆಬ್‌ಮಾಸ್ಟರ್ ಟೂಲ್ಸ್ ಇದೆ, ಸರ್ಚ್ ಕನ್ಸೋಲ್‌ನ ವಿವರವನ್ನೇ ಅಲ್ಲಿಗೆ ತಂದುಕೊಳ್ಳಬಹುದು.

ಅವರು ಕೇಳುವ ಮಾತಿನಲ್ಲೇ ಬರೆಯಿರಿ

ನನ್ನ ಪ್ರಕಾರ ಎಸ್‌ಇಒದ ಮುಕ್ಕಾಲು ಪಾಲು ಇಲ್ಲೇ ಇದೆ.

ಗೆಳತಿಯ ಒಂದು ಲೇಖನದ ಶೀರ್ಷಿಕೆ ‘ಮುನಿಸಿಕೊಂಡ ಗೆಳೆಯ’ ಎಂದಿತ್ತು. ಗೇರ್ ಸೈಕಲ್‌ನ ಚೈನ್ ಪದೇ ಪದೇ ಕಳಚಿಕೊಂಡರೆ ಏನು ಮಾಡಬೇಕು ಎಂಬ ಬರಹ ಅದು. ಶೀರ್ಷಿಕೆ ಮುದ್ದಾಗಿದೆ, ಅಲ್ವಾ? ಆದರೆ ಕೈಯೆಲ್ಲಾ ಗ್ರೀಸ್ ಮಾಡಿಕೊಂಡು ದಾರಿ ಬದಿಯಲ್ಲಿ ನಿಂತವರು ಫೋನಿನಲ್ಲಿ ‘ಮುನಿಸಿಕೊಂಡ ಗೆಳೆಯ’ ಎಂದು ಹುಡುಕುವುದಿಲ್ಲ. ‘ಸೈಕಲ್ ಚೈನ್ ಕಳಚುತ್ತಿದೆ ಏನು ಮಾಡಬೇಕು’ ಎಂದೇ ಹುಡುಕುತ್ತಾರೆ. ನಾವು ಅದನ್ನು ‘ಗೇರ್ ಸೈಕಲ್ ಚೈನ್ ಪದೇ ಪದೇ ಕಳಚುತ್ತಿದೆಯೇ? ಮೂರು ಕಾರಣ, ಮನೆಯಲ್ಲೇ ಪರೀಕ್ಷೆ’ ಎಂದು ಬದಲಿಸಿದೆವು.

ಜನ ಬಳಸುವ ಮಾತು ಯಾವುದೆಂದು ತಿಳಿಯುವುದು ಹೇಗೆ? ಗೂಗಲ್‌ನಲ್ಲಿ ನಿಮ್ಮ ವಿಷಯ ಟೈಪ್ ಮಾಡಲು ಶುರು ಮಾಡಿ, ನಿಲ್ಲಿಸಿ. ಕೆಳಗೆ ಸಾಲಾಗಿ ಸಲಹೆಗಳು ಬರುತ್ತವೆ. ಅವು ಜನ ನಿಜವಾಗಿ ಹುಡುಕಿದ ಮಾತುಗಳನ್ನು ಆಧರಿಸಿದವು. ಫಲಿತಾಂಶದ ನಡುವೆ ಕೆಲವೊಮ್ಮೆ ಜನ ಕೇಳುವ ಇತರ ಪ್ರಶ್ನೆಗಳೂ ಕಾಣುತ್ತವೆ. ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಆ ಪ್ರಶ್ನೆಯನ್ನು ನೀವೇ ಹುಡುಕಿ, ಮೊದಲ ಪುಟವನ್ನು ಗಮನವಿಟ್ಟು ನೋಡಿ. ಬಂದಿರುವುದೆಲ್ಲ ಮಾರಾಟದ ಪುಟಗಳೇ? ಹಾಗಾದರೆ ಅದನ್ನು ಹುಡುಕುವವರಿಗೆ ಕೊಳ್ಳುವುದು ಬೇಕು, ನಿಮ್ಮ ವಿವರಣೆಯ ಲೇಖನ ಅಲ್ಲಿ ಮೇಲೇರುವುದು ಕಷ್ಟ. ಹಂತ ಹಂತದ ವಿವರಣೆಗಳೇ? ಹಾಗಾದರೆ ನಿಮಗೆ ಜಾಗವಿದೆ. ಬರೀ ‘ಸೈಕಲ್’ ಎಂಬ ಪದಕ್ಕೆ ಪೈಪೋಟಿ ಮಾಡಲು ಹೋಗಬೇಡಿ. ಉದ್ದನೆಯ ನಿರ್ದಿಷ್ಟ ಪ್ರಶ್ನೆ ಹಿಡಿಯಿರಿ. ಕೇಳುವವರು ಕಡಿಮೆ ಇರಬಹುದು, ಆದರೆ ಅವರಿಗೆ ಬೇಕಾದ್ದು ಅದೇ.

ಶೀರ್ಷಿಕೆಯಲ್ಲಿ ಮುಖ್ಯ ಮಾತು ಮುಂದೆ ಬರಲಿ. ಫೋನಿನಲ್ಲಿ ಉದ್ದದ ಶೀರ್ಷಿಕೆ ಮಧ್ಯಕ್ಕೇ ಕತ್ತರಿಸಿಹೋಗುತ್ತದೆ. ಪುಟದಲ್ಲಿರುವುದಕ್ಕೂ ಶೀರ್ಷಿಕೆಗೂ ಹೊಂದುತ್ತಿಲ್ಲ ಅನಿಸಿದರೆ ಗೂಗಲ್ ಅದನ್ನು ಬದಲಿಸಿ ತೋರಿಸುವುದೂ ಉಂಟು. ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣಬಹುದಾದ ಮೆಟಾ ಡಿಸ್ಕ್ರಿಪ್ಷನ್ ಎಂಬ ಪುಟ್ಟ ವಿವರಣೆಯಿಂದ ಸ್ಥಾನ ಮೇಲೇರುವುದಿಲ್ಲ. ಆದರೂ ಅದನ್ನು ಬರೆಯಿರಿ, ಓದಿ ಕ್ಲಿಕ್ ಮಾಡುವವರು ಮನುಷ್ಯರು ತಾನೇ. ಮೆಟಾ ಕೀವರ್ಡ್ಸ್ ಜಾಗವನ್ನು ಮಾತ್ರ ಖಾಲಿ ಬಿಡಿ. ಶ್ರೇಯಾಂಕಕ್ಕೆ ಅದನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇವತ್ತಿಗೂ ಅದರಲ್ಲಿ ಮೂವತ್ತು ನಲವತ್ತು ಪದ ತುಂಬುತ್ತಾ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ಅಕ್ಷರಗಳು ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಬಾಟ್‌ಗೆ ಅರ್ಥವಿಲ್ಲದ ಗೀಚು. ಪುಟದ ವಿಳಾಸದಲ್ಲಿ ಕನ್ನಡ ಬಳಸಿದರೆ ಗೂಗಲ್‌ಗೆ ತೊಂದರೆಯಿಲ್ಲ, ಆದರೆ ಅದನ್ನು ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲವಾಗುತ್ತದೆ. ಇಂಗ್ಲಿಷ್ ಅಕ್ಷರಗಳ ಚಿಕ್ಕ ವಿಳಾಸವೇ ವಾಸಿ.

ಉತ್ತರ ಮೇಲೆ ಇರಲಿ, ಅನುಭವ ಕಾಣಲಿ

ಚೈನಿನ ಲೇಖನ ಶುರುವಾಗುತ್ತಿದ್ದುದು ಬಾಲ್ಯದ ಸೈಕಲ್ ನೆನಪಿನಿಂದ. ಉತ್ತರ ಇದ್ದುದು ಏಳನೇ ಪ್ಯಾರಾದಲ್ಲಿ. ಅದನ್ನು ಕಿತ್ತು ಮೇಲಕ್ಕೆ ತಂದೆವು: ಚೈನ್ ಸವೆದು ಉದ್ದವಾಗಿರಬಹುದು, ಡಿರೇಲರ್ (ಗೇರ್ ಬದಲಿಸುವ ಭಾಗ) ಸ್ಕ್ರೂ ಸರಿಯಾಗಿ ಹೊಂದಿಸಿರಲಿಕ್ಕಿಲ್ಲ, ಇಲ್ಲವೇ ಪೆಡಲ್ ಬಳಿಯ ಹಲ್ಲುಚಕ್ರದ ಹಲ್ಲು ಬಾಗಿರಬಹುದು. ಪ್ರತಿ ಕಾರಣಕ್ಕೂ ಒಂದೊಂದು ಉಪಶೀರ್ಷಿಕೆ ಕೊಟ್ಟೆವು.

ಸವೆತ ತಿಳಿಯಲು ಅವರು ಒಂದು ಪರೀಕ್ಷೆ ಸೇರಿಸಿದರು. ಚೈನಿನಲ್ಲಿ ಒಂದು ಪಿನ್‌ನಿಂದ ಪಕ್ಕದ ಪಿನ್‌ಗೆ ಅರ್ಧ ಇಂಚು. ಹೊಸ ಚೈನಿನಲ್ಲಿ ಅಂಥ 24 ಅಂತರ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತಾಗಿದೆ ಎಂದರ್ಥ. ತಮ್ಮ ಹಳೆಯ ಚೈನಿನ ಮೇಲೆ ಸ್ಕೇಲ್ ಇಟ್ಟು, ಹತ್ತಿರದಿಂದ ಫೋಟೋ ತೆಗೆದು ಹಾಕಿದರು. ಆ ಫೋಟೋ ಬೇರೆ ಯಾವ ಸೈಟ್‌ನಲ್ಲೂ ಇಲ್ಲ. ಹುಡುಕಾಟದ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ ‘ಅನುಭವ’ ಎಂಬ ಅಂಶ ಸೇರಿತು. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರೆಯೇ ಎಂಬ ಪ್ರಶ್ನೆ ಅದು. ಸ್ಕೇಲ್ ಇಟ್ಟ ಫೋಟೋ ಅದಕ್ಕೆ ನೇರ ಉತ್ತರ.

ಲೇಖನ ಇಷ್ಟೇ ಪದ ಇರಬೇಕು ಎಂಬ ನಿಯಮ ಇಲ್ಲ. ಉತ್ತರ ಮುಗಿದ ಮೇಲೂ ಸುಮ್ನೆ ಎಳೆಯಬೇಡಿ. ಎಐ ಬಳಸಿ ನೂರಾರು ಪುಟ ಒಟ್ಟುವ ಆಸೆಯೂ ಬೇಡ. ಶ್ರೇಯಾಂಕಕ್ಕಾಗಿಯೇ ರಾಶಿ ರಾಶಿ ಪುಟ ಮಾಡುವುದನ್ನು ಗೂಗಲ್‌ನ 2024ರ ಮಾರ್ಚ್ ನಿಯಮಗಳು ಸ್ಪ್ಯಾಮ್ ಎಂದೇ ಕರೆಯುತ್ತವೆ. ಬರೆದದ್ದು ಮನುಷ್ಯನೋ ಯಂತ್ರವೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಫೋಟೋ, ವೇಗ, ಲಿಂಕ್

ಪುಟ ನಿಧಾನವಾಗಿದ್ದರೆ ಮೊದಲು ಫೋಟೋಗಳನ್ನು ನೋಡಿ. ಫೋನಿನಿಂದ ನೇರವಾಗಿ ಏರಿಸಿದ ಫೋಟೋ ನಾಲ್ಕು ಸಾವಿರ ಪಿಕ್ಸೆಲ್ ಅಗಲ, ನಾಲ್ಕೈದು ಎಂಬಿ ಇರುತ್ತದೆ. ಬ್ಲಾಗ್‌ಗೆ 1200 ಪಿಕ್ಸೆಲ್ ಸಾಕು. ವೆಬ್‌ಪಿ ರೂಪಕ್ಕೆ ಬದಲಿಸಿದರೆ ಇನ್ನೂ ಹಗುರ. ಅಗಲ, ಎತ್ತರ ಎರಡನ್ನೂ ಕೋಡ್‌ನಲ್ಲಿ ನಮೂದಿಸಿ, ಇಲ್ಲದಿದ್ದರೆ ಫೋಟೋ ತೆರೆದುಕೊಂಡಾಗ ಓದುತ್ತಿದ್ದ ಸಾಲು ಕೆಳಗೆ ಜಿಗಿಯುತ್ತದೆ. ಫೋಟೋದಲ್ಲಿ ಏನಿದೆ ಎಂದು ಆಲ್ಟ್ ಜಾಗದಲ್ಲಿ ಒಂದು ಸಾಲು ಬರೆಯಿರಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳುತ್ತದೆ, ಗೂಗಲ್‌ಗೂ ಅದರಿಂದ ಸುಳಿವು ಸಿಗುತ್ತದೆ.

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ, ಸೈಟ್‌ಗೆ ಸಾಕಷ್ಟು ಓದುಗರಿದ್ದಾಗ ಮೂರು ಅಳತೆ ಸಿಗುತ್ತವೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಮುಟ್ಟಿದರೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು. ಪುಟ ಅಲುಗಾಡುವ ಅಳತೆ 0.1 ಮೀರಬಾರದು. ಇವು ಹಸಿರಾದರೆ ಸಾಕು. ನೂರಕ್ಕೆ ನೂರು ಅಂಕ ಬರಲಿ ಎಂದು ದಿನಗಟ್ಟಲೆ ಕೂರುವುದಕ್ಕಿಂತ ಇನ್ನೊಂದು ಲೇಖನ ಬರೆಯುವುದು ಲಾಭ. ಗೂಗಲ್ ಓದುವುದು ನಿಮ್ಮ ಸೈಟ್‌ನ ಮೊಬೈಲ್ ರೂಪವನ್ನು. ಹಾಗಾಗಿ ಕಂಪ್ಯೂಟರ್‌ನಲ್ಲಿ ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ನಿಮ್ಮದೇ ಲೇಖನಗಳ ನಡುವೆ ಲಿಂಕ್ ಕೊಡುವುದನ್ನು ಮರೆಯಬೇಡಿ. ‘ಇಲ್ಲಿ ಕ್ಲಿಕ್ ಮಾಡಿ’ ಅನ್ನುವ ಬದಲು ‘ಡಿರೇಲರ್ ಸ್ಕ್ರೂ ಹೊಂದಿಸುವ ವಿಧಾನ’ ಎಂಬ ಮಾತಿಗೇ ಲಿಂಕ್ ಹಾಕಿ. ಹೊಸದೊಂದು ಬರೆದಾಗ, ಜನ ಆಗಲೇ ಓದುತ್ತಿರುವ ಎರಡು ಮೂರು ಹಳೆಯ ಪುಟಗಳಿಗೆ ಹೋಗಿ ಅಲ್ಲಿಂದ ಅದಕ್ಕೆ ದಾರಿ ಮಾಡಿಕೊಡಿ.

ಹೊರಗಿನ ಲಿಂಕ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. 2012ರಲ್ಲಿ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಅಂಥ ಲಿಂಕ್‌ಗಳ ಮೇಲೆ ನಿಂತಿದ್ದ ಸೈಟ್‌ಗಳು ಪಾತಾಳಕ್ಕೆ ಬಿದ್ದವು. ಜಾಹೀರಾತಿನ ಲಿಂಕ್ ಆಗಿದ್ದರೆ ಅದಕ್ಕೆ ಸ್ಪಾನ್ಸರ್ಡ್ ಎಂಬ ಗುರುತು ಹಾಕಬೇಕು.

ವಿಳಾಸ ಬದಲಿಸುವ ಸಂದರ್ಭ ಬಂದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಬಂದವರನ್ನು ತಾನೇ ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ಇರಲಿ. ಒಂದೇ ಪ್ರಶ್ನೆಗೆ ನೀವೇ ಎರಡು ಲೇಖನ ಬರೆದಿದ್ದರೆ ಒಳ್ಳೆಯದಕ್ಕೆ ಇನ್ನೊಂದನ್ನು ಸೇರಿಸಿ, ಖಾಲಿಯಾದ ವಿಳಾಸಕ್ಕೂ ಹೀಗೇ ಮಾಡಿ.

ತಿಂಗಳಾದ ಮೇಲೆ

ಬದಲಾವಣೆಯ ಫಲ ಕಾಣಲು ಕೆಲವು ವಾರ ಬೇಕು, ಕೆಲವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದಿನವೂ ಅಂಕಿ ನೋಡಬೇಡಿ, ತಿಂಗಳಿಗೊಮ್ಮೆ ಸಾಕು. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಜನ ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಕ್ಲಿಕ್ ಮಾಡಿದರು, ಸರಾಸರಿ ಎಷ್ಟನೇ ಸ್ಥಾನ ಎಂಬುದು ಅಲ್ಲಿದೆ. 16 ತಿಂಗಳ ಲೆಕ್ಕ ಉಳಿದಿರುತ್ತದೆ.

ಮೊದಲ ಸಾಲುಗಳಲ್ಲೇ ಕಾಣುತ್ತಿದ್ದರೂ ಯಾರೂ ಕ್ಲಿಕ್ ಮಾಡುತ್ತಿಲ್ಲವೇ? ಶೀರ್ಷಿಕೆಯನ್ನೂ ವಿವರಣೆಯನ್ನೂ ತಿದ್ದಿ. ಸ್ಥಾನ ಎಂಟರಿಂದ ಹದಿನೈದರ ಆಸುಪಾಸಿನಲ್ಲಿದೆಯೇ? ಅದು ಬಾಗಿಲಿನ ತನಕ ಬಂದ ಪುಟ. ಏನು ಬಿಟ್ಟುಹೋಗಿದೆ ಎಂದು ನೋಡಿ ಸೇರಿಸಿ. ತಾರೀಖು ಮಾತ್ರ ಬದಲಿಸಿ ಹೊಸದು ಎಂದು ತೋರಿಸಬೇಡಿ, ಓದುಗರಿಗೆ ಅದು ಮೋಸ.

ಗೆಳತಿಯ ಬ್ಲಾಗ್‌ಗೆ ಟಿಕ್ ತೆಗೆದ ಮೂರನೇ ವಾರ ಹುಡುಕಾಟದಿಂದ ಮೊದಲ ಓದುಗರು ಬಂದರು. ಎರಡು ತಿಂಗಳಾದ ಮೇಲೆ ವರದಿಯಲ್ಲಿ ಅವರಿಗೆ ಒಂದು ಸಾಲು ಕಂಡಿತು: ‘ಸೈಕಲ್ ಚೈನ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು’. ಅದರ ಬಗ್ಗೆ ಅವರು ಬರೆದೇ ಇರಲಿಲ್ಲ. ಜನ ಕೇಳುತ್ತಿದ್ದರು, ಗೂಗಲ್ ಹತ್ತಿರದ್ದು ಎಂದು ಇವರ ಪುಟ ತೋರಿಸುತ್ತಿತ್ತು, ಯಾರೂ ಒಳಗೆ ಬರುತ್ತಿರಲಿಲ್ಲ. ಮುಂದಿನ ಲೇಖನದ ಶೀರ್ಷಿಕೆಯಾಗಿ ಅವರು ಆ ಸಾಲನ್ನೇ ಬರೆದುಕೊಂಡರು.