ಫೇಸ್ ಮತ್ತು ಪೊಲಾರಿಟಿ: ದೋಷ ಯಾವುದರದ್ದು ಎಂದು ಗುರುತಿಸುವ ಬಗೆ

ಪೊಲಾರಿಟಿಯನ್ನು ತಿರುಗಿಸುವುದೆಂದರೆ ಸಂಕೇತದ ಧನ ಭಾಗವನ್ನು ಋಣವಾಗಿಯೂ ಋಣ ಭಾಗವನ್ನು ಧನವಾಗಿಯೂ ಬದಲಿಸುವುದಷ್ಟೇ. ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಎಲ್ಲ ಆವರ್ತನಗಳಿಗೂ ಸಮನಾಗಿ ಆಗಿಬಿಡುವ ಈ ಬದಲಾವಣೆಯಲ್ಲಿ ಕಾಲದ ಪ್ರಶ್ನೆಯೇ ಬರುವುದಿಲ್ಲ. ಫೇಸ್ ಹಾಗಲ್ಲ, ಒಂದು ನಿರ್ದಿಷ್ಟ ಆವರ್ತನದ ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂಬುದನ್ನು ಅದು ಡಿಗ್ರಿಗಳಲ್ಲಿ ತಿಳಿಸುತ್ತದೆ. ಸಂಕೇತವೊಂದು 1 ಮಿಲಿಸೆಕೆಂಡ್ ತಡವಾದರೆ ಫೇಸ್ ವ್ಯತ್ಯಾಸವು 250 ಹರ್ಟ್ಸ್‌ನಲ್ಲಿ 90 ಡಿಗ್ರಿ, 500 ಹರ್ಟ್ಸ್‌ನಲ್ಲಿ 180 ಡಿಗ್ರಿ, 1000 ಹರ್ಟ್ಸ್‌ನಲ್ಲಿ ಪೂರ್ತಿ ಒಂದು ಸುತ್ತು. ಶುದ್ಧ ಸೈನ್ ಅಲೆಯನ್ನು ತಲೆಕೆಳಗು ಮಾಡಿದರೂ ಅರ್ಧ ಸುತ್ತು ತಡಮಾಡಿದರೂ ಆಸಿಲೋಸ್ಕೋಪಿನಲ್ಲಿ (ಅಲೆಯ ಆಕಾರವನ್ನು ತೋರಿಸುವ ಉಪಕರಣ) ಒಂದೇ ಚಿತ್ರ ಕಾಣುವುದರಿಂದ ಗೊಂದಲ ಹುಟ್ಟುತ್ತದೆ. ಮನುಷ್ಯನ ಧ್ವನಿಯಂಥ ಅಸಮ ಅಲೆಯಲ್ಲಿ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ.

ಮೊದಲು ಪೊಲಾರಿಟಿಯನ್ನೇ ಪರೀಕ್ಷಿಸಬೇಕು, ಏಕೆಂದರೆ ಅದು ಸುಲಭ. ಎರಡು ಸ್ಪೀಕರ್‌ಗಳಿಗೆ ಒಂದೇ ಮೋನೋ (ಒಂದೇ ಚಾನೆಲ್‌ನ) ಸಂಕೇತವನ್ನು ಕೊಟ್ಟು ನಡುವೆ ನಿಂತು ಕೇಳಿರಿ. ಮಂದ್ರಸ್ವರಗಳು ಸೊರಗಿ, ಧ್ವನಿ ಎಲ್ಲಿಂದ ಬರುತ್ತಿದೆಯೆಂದು ತಿಳಿಯದಂತಾದರೆ ಒಂದರ ತಂತಿಗಳು ತಿರುವಾಗಿವೆ. ಯಾವುದೆಂದು ತಿಳಿಯಲು, ಆಂಪ್ಲಿಫೈಯರ್‌ನಿಂದ ಬಿಡಿಸಿದ ವೂಫರ್‌ಗೆ (ಮಂದ್ರಸ್ವರಗಳ ಸ್ಪೀಕರ್) 1.5 ವೋಲ್ಟ್ ಬ್ಯಾಟರಿಯನ್ನು ಕ್ಷಣಕಾಲ ತಾಗಿಸಿರಿ: ಪ್ಲಸ್‌ಗೆ ಪ್ಲಸ್ ಸೇರಿದಾಗ ಕೋನ್ ಸಾಮಾನ್ಯವಾಗಿ ಹೊರಕ್ಕೆ ಚಿಮ್ಮುತ್ತದೆ. ತಾರಸ್ವರಗಳ ಚಿಕ್ಕ ಸ್ಪೀಕರ್ ಆದ ಟ್ವೀಟರ್‌ಗೆ ಈ ಪರೀಕ್ಷೆ ಬೇಡ. ಮೈಕ್‌ಗಳಿಗೆ ಬಳಸುವ ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಾದರೆ 2ನೆಯ ಪಿನ್ ಧನ, 3ನೆಯದು ಋಣ ಎಂಬುದನ್ನು ಎರಡೂ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ ಸಾಕು.

ಮಿಕ್ಸರ್‌ನಲ್ಲಿ ಸೊನ್ನೆಗೆ ಓರೆಗೆರೆ ಎಳೆದ ಗುಂಡಿಯನ್ನು ಫೇಸ್ ಗುಂಡಿ ಎಂದೇ ಕರೆಯುವುದು ರೂಢಿ, ಮಾಡುವ ಕೆಲಸ ಮಾತ್ರ ಪೊಲಾರಿಟಿಯದು. ಸ್ನೇರ್ ಡ್ರಮ್‌ನ ಮೇಲೊಂದು, ಕೆಳಗೊಂದು ಮೈಕ್ ಇಟ್ಟಾಗ ಅದು ಸರಿಯಾದ ಮದ್ದು. ಪೆಟ್ಟು ಬಿದ್ದಾಗ ಚರ್ಮವು ಮೇಲಿನ ಮೈಕ್‌ನಿಂದ ದೂರ ಸರಿದು ಕೆಳಗಿನದರತ್ತ ನುಗ್ಗುತ್ತದೆ. ಆದರೆ ಒಬ್ಬರೇ ಮಾತನಾಡುವಾಗ ಒಂದು ಮೈಕ್ ಇನ್ನೊಂದಕ್ಕಿಂತ ಸುಮಾರು 34 ಸೆಂಟಿಮೀಟರ್ ದೂರದಲ್ಲಿದ್ದರೆ ಧ್ವನಿ ಅಲ್ಲಿಗೆ 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸಮಮಟ್ಟದಲ್ಲಿ ಬೆರೆಸಿದರೆ 500, 1500, 2500 ಹರ್ಟ್ಸ್‌ಗಳಲ್ಲಿ ಧ್ವನಿ ಅಳಿಸಿಹೋಗುತ್ತದೆ. ಆಗ ಗುಂಡಿ ಒತ್ತಿದರೆ ಹಳ್ಳಗಳು 1000, 2000 ಹರ್ಟ್ಸ್‌ಗಳಿಗೂ ತೀರಾ ಕೆಳಗಿನ ಮಂದ್ರಕ್ಕೂ ಜರುಗುತ್ತವೆಯೇ ಹೊರತು ತುಂಬುವುದಿಲ್ಲ. ಮೈಕ್ ಅನ್ನು ಸರಿಸುವುದು ಅಥವಾ ಹತ್ತಿರದ ಮೈಕ್‌ನ ಸಂಕೇತಕ್ಕೆ ಅಷ್ಟೇ ವಿಳಂಬ ಕೊಡುವುದು ಇದಕ್ಕಿರುವ ಪರಿಹಾರ.

ಆಂಟೆನಾಗಳಲ್ಲೂ ಇದೇ ನಿಯಮ. ಜೋಡಿಸಿದ ಎರಡು ಡೈಪೋಲ್‌ಗಳಲ್ಲಿ (ಎರಡು ಕಡ್ಡಿಗಳ ಸರಳ ಆಂಟೆನಾ) ಒಂದರ ತಂತಿಗಳನ್ನು ತಿರುಗಿಸಿದರೆ ಎಲ್ಲ ಆವರ್ತನಗಳಲ್ಲೂ 180 ಡಿಗ್ರಿ ಸಿಗುತ್ತದೆ. ವೇಗಾಂಕ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ಸಂಕೇತದ ವೇಗ) 0.66 ಇರುವ ಕೋಆಕ್ಸಿಯಲ್ ಕೇಬಲ್ ಅನ್ನು 99 ಸೆಂಟಿಮೀಟರ್ ಹೆಚ್ಚಾಗಿ ಸೇರಿಸಿದರೆ 100 ಮೆಗಾಹರ್ಟ್ಸ್‌ನಲ್ಲಷ್ಟೇ 180, 90 ಮೆಗಾಹರ್ಟ್ಸ್‌ನಲ್ಲಿ 162 ಡಿಗ್ರಿ.

ಎಫ್‌ಎಂ ಸ್ಟೀರಿಯೋ ಕಾರ್ಯಕ್ರಮವನ್ನು ಪ್ರಸಾರಕ್ಕೆ ಮುನ್ನ ಮೋನೋದಲ್ಲಿ, ಅಂದರೆ ಎರಡೂ ಚಾನೆಲ್‌ಗಳನ್ನು ಒಂದಾಗಿ ಬೆರೆಸಿ, ಕೇಳಿ ನೋಡುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ನಡುವಿನ ಧ್ವನಿ ಪೂರ್ತಿ ಮಾಯವಾದರೆ ಒಂದು ಚಾನೆಲ್‌ನ ಪೊಲಾರಿಟಿ ತಿರುಗಿದೆ, ತಂತಿಗಳನ್ನು ಹುಡುಕಿರಿ. ಧ್ವನಿ ಉಳಿದು 5 ಕಿಲೋಹರ್ಟ್ಸ್ ಸುತ್ತಮುತ್ತ ಮಾತ್ರ ಮಂಕಾದರೆ ಚಾನೆಲ್‌ಗಳ ನಡುವೆ 0.1 ಮಿಲಿಸೆಕೆಂಡ್‌ನಷ್ಟು ಅಂತರವಿರುವ ಸಂಭವವಿದೆ, ವಿಳಂಬವನ್ನು ಸರಿಹೊಂದಿಸಿರಿ.